ಮಗುವಿನ ರಿಪೋರ್ಟಿನಲ್ಲಿ ‘ಸ್ಯೂಡೋಜೀನ್’ ಅಂತ ಇದೆ, ಹಾಗಂದರೆ ರಿಪೋರ್ಟೇ ಸುಳ್ಳಾ?

ದೊಡ್ಡಮ್ಮ_ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿಗೆ ನಾಲ್ಕು ತಿಂಗಳ ಹಿಂದೆ ಗಂಡು ಮಗು ಆಯಿತು. ಹುಟ್ಟಿದಾಗ ಎಲ್ಲ ಚೆನ್ನಾಗಿತ್ತು. ಹನ್ನೆರಡನೇ ದಿನ ಹಾಲು ಬಿಟ್ಟಿತು. ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು, ಅಳುವುದಕ್ಕೂ ತ್ರಾಣ ಇರಲಿಲ್ಲ. ದೃಷ್ಟಿಯಾಗಿದೆ ಅಂತ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಅಷ್ಟರಲ್ಲಿ ಅರ್ಧ ದಿನ ಹೋಯಿತು. ಆಸ್ಪತ್ರೆಗೆ ಓಡಿದಾಗ ರಕ್ತದಲ್ಲಿ ಸೋಡಿಯಂ ತೀರಾ ಕೆಳಗೆ, ಪೊಟ್ಯಾಸಿಯಂ ಮೇಲೆ. ಸಿಎಎಚ್ ಅನ್ನುವ ಕಾಯಿಲೆ ಅಂದರು. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಬೇಕಾದ ಹಾರ್ಮೋನು ಮಾಡುವುದಕ್ಕೆ ಆಗುತ್ತಿಲ್ಲವಂತೆ, ಮೈಯಲ್ಲಿ ಉಪ್ಪು ನಿಲ್ಲುತ್ತಿಲ್ಲವಂತೆ. ಹೆಣ್ಣು ಮಗುವಾಗಿದ್ದರೆ ಹುಟ್ಟಿದ ತಕ್ಷಣ ಜನನಾಂಗ ನೋಡಿಯೇ ಅನುಮಾನ ಬರುತ್ತಿತ್ತು, ಗಂಡಾದ್ದರಿಂದ ಏನೂ ಕಾಣಲಿಲ್ಲ ಅಂದರು.

ಈಗ ದಿನಕ್ಕೆ ಮೂರು ಸಲ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಎರಡು ಚಮಚದ ಮಧ್ಯೆ ಪುಡಿ ಮಾಡಿ, ನೀರಲ್ಲಿ ಕದಡಿ, ಒಳಲೆಯಲ್ಲಿ ಕುಡಿಸುತ್ತೇವೆ. ಉಪ್ಪು ಹಿಡಿದಿಡುವುದಕ್ಕೆ ಇನ್ನೊಂದು ಚಿಕ್ಕ ಮಾತ್ರೆ. ಅದರ ಮೇಲೆ ಅಳತೆಯ ಉಪ್ಪಿನ ನೀರು. ಮಗು ಈಗ ಕೈಕಾಲು ಬಡಿದು ಆಡುತ್ತದೆ, ದೇವರ ದಯೆ.

ತೊಂದರೆ ಇರುವುದು ಜೀನ್ ಟೆಸ್ಟಿನಲ್ಲಿ. ಮಗುವಿನ ರಿಪೋರ್ಟಿನಲ್ಲಿ ಸಿವೈಪಿ21ಎ2 ಅನ್ನುವ ಜೀನಿನಲ್ಲಿ ಒಂದು ತಪ್ಪು ಇದೆ, ‘ಹೋಮೋಜೈಗಸ್’, ಅಂದರೆ ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡರಲ್ಲೂ ಅದೇ ತಪ್ಪು ಅಂತ ಬರೆದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಜೀನಿಗೆ ಒಂದು ಸ್ಯೂಡೋಜೀನ್ ಇರುವುದರಿಂದ ಫಲಿತಾಂಶವನ್ನು ಎಚ್ಚರಿಕೆಯಿಂದ ನೋಡಬೇಕು ಅಂತಲೂ ಇದೆ. ಆಮೇಲೆ ಅಪ್ಪ ಅಮ್ಮ ಇಬ್ಬರಿಗೂ ಬರೀ ಆ ಒಂದು ತಪ್ಪಿಗೆ ಟೆಸ್ಟ್ ಮಾಡಿದರು. ನನ್ನ ತಂಗಿಗೆ ಒಂದು ಪ್ರತಿಯಲ್ಲಿ ಇದೆ. ಅವಳ ಗಂಡನಿಗೆ ‘ಕಂಡುಬಂದಿಲ್ಲ’.

ಆ ಒಂದು ಪದ ಮನೆಯನ್ನೇ ಅಲ್ಲಾಡಿಸಿದೆ. ತಂಗಿಯ ಅತ್ತೆ ಮೊನ್ನೆ ಅಡುಗೆಮನೆಯಲ್ಲಿ ‘ನಮ್ಮ ಹುಡುಗನಲ್ಲಿ ಇಲ್ಲ ಅಂದಮೇಲೆ ಮಗುವಿಗೆ ಎಲ್ಲಿಂದ...’ ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ತಂಗಿ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ಲ್ಯಾಬಿಗೆ ಫೋನ್ ಮಾಡಿದರೆ ನಿಮ್ಮ ಡಾಕ್ಟರನ್ನೇ ಕೇಳಿ ಅಂತ ಇಟ್ಟುಬಿಟ್ಟರು, ಡಾಕ್ಟರ್ ಸಿಗುವುದು ಇನ್ನು ಹದಿನೈದು ದಿನಕ್ಕೆ.

ಸ್ಯೂಡೋ ಅಂದರೆ ಸುಳ್ಳು ಅಂತ ಅರ್ಥ ಅಲ್ವಾ? ಹಾಗಾದರೆ ರಿಪೋರ್ಟೇ ಸುಳ್ಳಾ? ಅಪ್ಪನಲ್ಲಿ ಇಲ್ಲದೆ ಮಗುವಿನ ಎರಡೂ ಪ್ರತಿಯಲ್ಲಿ ಬರುವುದಕ್ಕೆ ಸಾಧ್ಯವಾ? ನನಗೆ ನನ್ನ ತಂಗಿ ಗೊತ್ತು. ಅದನ್ನು ಬೇರೆಯವರಿಗೆ ಹೇಗೆ ತಿಳಿಸಿ ಹೇಳುವುದು, ಅದು ಬೇಕು.

ವರ್ಣತಂತು

ಅಕ್ಕ, ನಾನು ಬೆಂಗಳೂರಿನಲ್ಲಿ ಇಂಥದೇ ಟೆಸ್ಟುಗಳ ಲ್ಯಾಬಿನಲ್ಲಿ ಎಂಟು ವರ್ಷದಿಂದ ಇದ್ದೇನೆ. ಅಪ್ಪನ ಟೆಸ್ಟಿನಲ್ಲಿ ಕಾಣದೆ ಮಗುವಿನ ರಿಪೋರ್ಟಿನಲ್ಲಿ ‘ಎರಡೂ ಪ್ರತಿ’ ಅಂತ ಬರುವುದಕ್ಕೆ ಸಾಧ್ಯವಾ ಅನ್ನುವ ಪ್ರಶ್ನೆಗೆ ಮೊದಲು ಉತ್ತರ. ಸಾಧ್ಯ. ಈ ಜೀನಿನಲ್ಲಂತೂ ಇದು ನಮಗೆ ಚಿರಪರಿಚಿತ ಸಂಗತಿ. ನಿಮ್ಮ ತಂಗಿಗೆ ಇವತ್ತೇ ಫೋನ್ ಮಾಡಿ ಹೇಳಿ, ಉಳಿದದ್ದನ್ನು ಆಮೇಲೆ ಓದಿ.

ಈಗ ವಿವರ. ನಮ್ಮ ಆರನೇ ಕ್ರೋಮೋಸೋಮಿನಲ್ಲಿ ಸಿವೈಪಿ21ಎ2 ಇದೆ. ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್, ಅಲ್ಡೋಸ್ಟೆರೋನ್ ಅನ್ನುವ ಹಾರ್ಮೋನು ಎರಡನ್ನೂ ತಯಾರಿಸಲು ಬೇಕಾದ ಒಂದು ಕಿಣ್ವವನ್ನು ಹೇಗೆ ಮಾಡಬೇಕು ಅಂತ ಹೇಳುವ ಬರಹ ಅದು. ಡಿಎನ್‌ಎಯನ್ನು ಬರೆದಿರುವುದು ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳಲ್ಲಿ. ಈ ಜೀನಿನಿಂದ ಸುಮಾರು 30 ಸಾವಿರ ಅಕ್ಷರಗಳ ದೂರದಲ್ಲಿ, ಡಿಎನ್‌ಎ ಲೆಕ್ಕದಲ್ಲಿ ಪಕ್ಕದ ಮನೆಯೇ, ಸಿವೈಪಿ21ಎ1ಪಿ ಅನ್ನುವ ಇನ್ನೊಂದು ಇದೆ. ಕೊನೆಯ ‘ಪಿ’ ಅಂದರೆ ಸ್ಯೂಡೋಜೀನ್. ನಾನು ಹುಸಿ ಜೀನ್ ಅನ್ನುತ್ತೇನೆ. ಯಾವುದೋ ಕಾಲದಲ್ಲಿ ಒಂದೇ ಜೀನ್ ಎರಡಾಯಿತು, ಒಂದು ಕೆಲಸ ಮುಂದುವರಿಸಿತು, ಇನ್ನೊಂದು ಕೆಟ್ಟಿತು. ಕೆಟ್ಟರೂ ಹೋಲಿಕೆ ಹೋಗಿಲ್ಲ. ಪ್ರೋಟೀನಿಗೆ ಬೇಕಾದ ಭಾಗಗಳಲ್ಲಿ ಎರಡೂ ಶೇ. 98 ಒಂದೇ. ಹುಸಿ ಅನ್ನುವುದು ಆ ಕೆಟ್ಟ ಪ್ರತಿಗೆ ಇಟ್ಟ ಹೆಸರು ಅಷ್ಟೇ, ನಿಮ್ಮ ರಿಪೋರ್ಟಿಗಲ್ಲ. ಅದು ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ, ಆರೋಗ್ಯವಾಗಿರುವವರಲ್ಲೂ ಇದೆ.

ಕೆಟ್ಟಿರುವುದು ಹೇಗೆ ಅಂದರೆ, ಅದರ ಮೂರನೇ ತುಂಡಿನಲ್ಲಿ ಎಂಟು ಅಕ್ಷರ ಬಿಟ್ಟುಹೋಗಿವೆ. ಜೀನನ್ನು ಜೀವಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ಒಂಬತ್ತು ಹೋಗಿದ್ದರೆ ಮೂರು ಪದ ಹೋಯಿತು ಅಂತ ಮುಂದೆ ಸಾಗಬಹುದಿತ್ತು. ಎಂಟು ಹೋದರೆ ಅಲ್ಲಿಂದಾಚೆ ಪ್ರತಿ ಪದವೂ ಜರುಗಿ ಅರ್ಥ ಕೆಡುತ್ತದೆ. ಇನ್ನೂ ಮುಂದೆ ಒಂದು ಅಕ್ಷರ ಜಾಸ್ತಿ ಸೇರಿದೆ, ಅದರ ಆಚೆ ‘ಇಲ್ಲಿಗೆ ನಿಲ್ಲಿಸು’ ಅನ್ನುವ ಸೂಚನೆ ನಡುವೆಯೇ ಬಂದು ಕೂತಿದೆ. ಅದರಿಂದ ಕೆಲಸಕ್ಕೆ ಬರುವ ಕಿಣ್ವ ಹುಟ್ಟುವುದಿಲ್ಲ.

ಅದು ಸುಮ್ನೆ ಬಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅಂಡಾಣು ವೀರ್ಯಾಣು ಆಗುವಾಗ ಜೋಡಿ ಕ್ರೋಮೋಸೋಮುಗಳು ಅಕ್ಕಪಕ್ಕ ನಿಂತು ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆ. ಭಜನೆ ಹಾಡುವಾಗ ಒಂದನೇ ಚರಣದ ಸಾಲೂ ಮೂರನೇ ಚರಣದ ಸಾಲೂ ಒಂದೇ ಥರ ಇದ್ದರೆ, ಒಂದನೆಯದು ಹಾಡುತ್ತಾ ಹಾಡುತ್ತಾ ಗೊತ್ತಿಲ್ಲದೆ ಮೂರಕ್ಕೆ ಹೋಗಿಬಿಡುತ್ತೇವೆ ಅಲ್ವಾ? ಮಧ್ಯದ್ದು ಪೂರ್ತಿ ತಪ್ಪಿಹೋಗುತ್ತದೆ. ಇಲ್ಲೂ ಹಾಗೇ. ಹುಸಿ ಜೀನಿನಲ್ಲಿ ಶುರುವಾಗಿ ನಿಜವಾದ ಜೀನಿನೊಳಕ್ಕೆ ಹಾರಿದರೆ ನಡುವಿನ 30 ಸಾವಿರ ಅಕ್ಷರ ಮಾಯ. ಉಳಿಯುವುದು ತಲೆ ಹುಸಿಯದು, ಬಾಲ ನಿಜದ್ದು ಆಗಿರುವ ಒಂದೇ ಜೀನ್. ತಲೆಯಲ್ಲೇ ಆ ಎಂಟು ಅಕ್ಷರದ ಕೊರತೆ ಇದ್ದರೆ ಅದು ಕೆಲಸ ಮಾಡುವುದಿಲ್ಲ. ಇನ್ನೊಂದು ರೀತಿಯೂ ಇದೆ. ಹಾಡು ತಪ್ಪುವುದಿಲ್ಲ, ಬೇರೆ ಚರಣದ ಒಂದು ಪದ ಮಾತ್ರ ಬಾಯಿಗೆ ಬಂದುಬಿಡುತ್ತದೆ. ಹುಸಿ ಜೀನಿನ ತಪ್ಪೊಂದು ನಿಜವಾದ ಜೀನಿಗೆ ನಕಲಾಗುತ್ತದೆ. ನಿಮ್ಮ ಮಗುವಿನ ರಿಪೋರ್ಟಿನಲ್ಲಿ ‘ಇಂಟ್ರಾನ್ 2’ (ಜೀನಿನ ಎರಡನೇ, ಮೂರನೇ ತುಂಡುಗಳ ನಡುವಿನ ಜಾಗ) ಅಂತ ಇದ್ದರೆ ಅದು ಇದೇ, ಅಲ್ಲಿ ಒಂದೇ ಒಂದು ಅಕ್ಷರ ‘ಜಿ’ ಆಗಿರುವುದು. ಹುಸಿ ಜೀನಿನಲ್ಲಿ ಆ ಜಾಗದಲ್ಲಿ ‘ಜಿ’ಯೇ ಇದೆ. ಈ ಕಾಯಿಲೆಗೆ ಕಾರಣವಾಗುವ ತಪ್ಪುಗಳಲ್ಲಿ ಹತ್ತಿರ ಹತ್ತಿರ ಶೇ. 95 ಹೀಗೆ ಪಕ್ಕದ ಹುಸಿ ಜೀನಿನಿಂದಾಗಿಯೇ ಬಂದವು.

ಈಗ ನಿಮ್ಮ ತಂಗಿಯ ಗಂಡನ ವಿಷಯ. ಅವರಿಗೆ ಒಂದು ಪ್ರತಿ ಸರಿಯಾಗಿದೆ, ಇನ್ನೊಂದರಲ್ಲಿ ಆ 30 ಸಾವಿರ ಅಕ್ಷರ ಹೋಗಿದೆ ಅಂದುಕೊಳ್ಳಿ. ಹುಸಿ ಜೀನನ್ನು ತಪ್ಪಿ ಓದಬಾರದು ಅಂತ ನಾವು ಟೆಸ್ಟಿನಲ್ಲಿ ಆ ಎಂಟು ಅಕ್ಷರ ಇರುವ ಪ್ರತಿಯನ್ನು ಮಾತ್ರ ಹಿಡಿದು ಓದುತ್ತೇವೆ. ತುಂಡಾದ ಪ್ರತಿಯ ತಲೆಯಲ್ಲಿ ಆ ಎಂಟು ಇಲ್ಲ, ಹಾಗಾಗಿ ಅದು ಬಲೆಗೇ ಬೀಳುವುದಿಲ್ಲ. ಅವರಲ್ಲಿ ಕಾಣುವುದು ಸರಿಯಾದ ಪ್ರತಿ ಒಂದೇ. ರಿಪೋರ್ಟ್ ‘ಕಂಡುಬಂದಿಲ್ಲ’ ಅನ್ನುತ್ತದೆ. ಮಗುವಿಗೆ ಅಪ್ಪನಿಂದ ಆ ತುಂಡಾದ ಪ್ರತಿ ಬಂತು, ಅಮ್ಮನಿಂದ ಒಂದಕ್ಷರ ತಪ್ಪಿದ ಪ್ರತಿ ಬಂತು. ಮಗುವಿನಲ್ಲಿ ಓದುವುದಕ್ಕೆ ಸಿಗುವುದು ಅಮ್ಮನ ಪ್ರತಿ ಮಾತ್ರ, ಓದಿದ್ದೆಲ್ಲ ತಪ್ಪೇ ಕಾಣುತ್ತದೆ, ಯಂತ್ರ ‘ಎರಡರಲ್ಲೂ ಇದೆ’ ಅಂತ ಬರೆಯುತ್ತದೆ. ಇರುವುದೇ ಒಂದು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಆ ಟೆಸ್ಟ್ ಅಕ್ಷರ ಓದುತ್ತದೆ, ಪ್ರತಿ ಎಷ್ಟಿವೆ ಅಂತ ಎಣಿಸುವುದಿಲ್ಲ.

ಎಣಿಸುವ ಟೆಸ್ಟ್ ಬೇರೆ ಇದೆ, ಹೆಸರು ಎಂಎಲ್‌ಪಿಎ. ಮಗು, ಅಪ್ಪ, ಅಮ್ಮ ಮೂವರಿಗೂ ಅದನ್ನು ಮಾಡಿಸಿ ಅಂತ ಡಾಕ್ಟರಿಗೆ ಕೇಳಿ. ನೋಡದೆ ಖಂಡಿತ ಹೀಗೇ ಅಂತ ನಾನು ಹೇಳಲಾರೆ. ಆದರೆ ನೀವು ಬರೆದ ಚಿತ್ರಕ್ಕೆ ನಾನು ಮೊದಲು ಹುಡುಕುವುದು ಇದನ್ನೇ. ಹುಸಿ ಜೀನ್ ಇರುವ ಜೀನಿನ ರಿಪೋರ್ಟನ್ನು ಎರಡು ಸಾಲಿನ ಎಚ್ಚರಿಕೆ ಬರೆದು ಕೈಗೆ ಕೊಟ್ಟು ಕಳಿಸಬಾರದು. ಮನೆಯವರನ್ನು ಕೂರಿಸಿ ಹೇಳಬೇಕು. ನಮ್ಮ ಕೆಲಸದಲ್ಲಿ ನನಗೆ ತುಂಬ ನೋವಾಗುವ ವಿಷಯ ಇದು.

ಪಿಯು_ಮೇಷ್ಟ್ರು

ಭಜನೆಯ ಹೋಲಿಕೆಯನ್ನು ನಾಳೆಯೇ ಕ್ಲಾಸಿನಲ್ಲಿ ಬಳಸುತ್ತೇನೆ ಮೇಡಂ. ದೊಡ್ಡಮ್ಮನವರಿಗೆ ಒಂದು ಮಾತು ಸೇರಿಸುತ್ತೇನೆ, ನಿಮ್ಮ ಮನೆಯಲ್ಲಿ ಮಾತ್ರ ಏನೋ ವಿಚಿತ್ರ ಇದೆ ಅನ್ನುವ ಭಾವನೆ ಹೋಗಲಿ ಅಂತ.

ಜೀನುಗಳು ಕುಟುಂಬ ಕುಟುಂಬವಾಗಿ ಇರುತ್ತವೆ. ಒಂದು ಮೂಲ ಜೀನ್ ಎರಡಾಗಿ, ಎರಡು ನಾಲ್ಕಾಗಿ ಬೆಳೆದದ್ದು. ಮಗುವಿನ ಈ ಜೀನ್ ಸೈಟೋಕ್ರೋಮ್ ಪಿ450 ಅನ್ನುವ ದೊಡ್ಡ ಕುಟುಂಬದ್ದು. ಮನುಷ್ಯರಲ್ಲಿ ಆ ಕುಟುಂಬದ 57 ಜೀನು ಕೆಲಸ ಮಾಡುತ್ತವೆ, ಹುಸಿಯಾಗಿರುವುದು 58. ನಾವು ನುಂಗುವ ಮಾತ್ರೆಗಳನ್ನು ಲಿವರಿನಲ್ಲಿ ಒಡೆಯುವ ಕಿಣ್ವಗಳೂ ಇದೇ ಕುಟುಂಬದವು.

ಮೂಗಿನ ಕಥೆ ಇನ್ನೂ ದೊಡ್ಡದು. ವಾಸನೆ ಹಿಡಿಯುವ ಜೀನುಗಳನ್ನು ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯರಲ್ಲಿ ಅಂಥ ಕೆಲಸದ ಜೀನು ಸುಮಾರು 400. ಕೆಟ್ಟು ನಿಂತವೂ ಅಷ್ಟೇ ಇವೆ, ಇನ್ನೂ ಸ್ವಲ್ಪ ಜಾಸ್ತಿಯೇ. ಇಲಿಗೆ ಸಾವಿರಕ್ಕೂ ಹೆಚ್ಚು ಕೆಲಸ ಮಾಡುತ್ತವೆ. ಇನ್ನೂ ಆಶ್ಚರ್ಯ ಅಂದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಕೆಲಸ ಮಾಡುವ ವಾಸನೆಯ ಜೀನು ತಮ್ಮನಲ್ಲಿ ಕೆಟ್ಟಿರಬಹುದು. ಒಬ್ಬರಿಗೆ ಗಾಢವಾಗಿ ಬರುವ ವಾಸನೆ ಇನ್ನೊಬ್ಬರಿಗೆ ಗೊತ್ತೇ ಆಗದಿರುವುದಕ್ಕೆ ಇದೂ ಒಂದು ಕಾರಣ.

ನನಗೆ ಬಹಳ ಇಷ್ಟದ ಸಾಲು ಹಿಮೋಗ್ಲೋಬಿನ್ನಿನದು. ಹನ್ನೊಂದನೇ ಕ್ರೋಮೋಸೋಮಿನಲ್ಲಿ ಆರು ಜೀನು ಸಾಲಾಗಿ ನಿಂತಿವೆ. ಮೊದಲನೆಯದು ಬಸಿರಿನ ಮೊದಲ ವಾರಗಳಿಗೆ, ಆಮೇಲಿನ ಎರಡು ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ, ಕೊನೆಯ ಎರಡು ಹುಟ್ಟಿದ ಮೇಲೆ ಜೀವನಪೂರ್ತಿ. ನಿಂತಿರುವ ಕ್ರಮವೂ ಕೆಲಸಕ್ಕೆ ಬರುವ ಕ್ರಮವೂ ಒಂದೇ. ನಾಲ್ಕನೆಯದು ಮಾತ್ರ ಹುಸಿ. ಚಿಂಪಾಂಜಿ, ಗೊರಿಲ್ಲಾಗಳಲ್ಲೂ ಅದೇ ಜಾಗದಲ್ಲಿ ಅದೇ ಹುಸಿ ಜೀನ್ ಇದೆ, ಅದೇ ತಪ್ಪುಗಳೊಂದಿಗೆ. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಸರಿ ಉತ್ತರ ಒಂದೇ ಥರ ಬರೆದರೆ ನಾನು ಏನೂ ಅನ್ನುವುದಿಲ್ಲ, ತಪ್ಪು ಒಂದೇ ಥರ ಬರೆದರೆ ಇಬ್ಬರೂ ಒಂದೇ ಕಡೆಯಿಂದ ಬರೆದುಕೊಂಡಿದ್ದಾರೆ ಅಂತ ತಿಳಿಯುತ್ತದೆ. ಅವಕ್ಕೂ ನಮಗೂ ಅಜ್ಜ ಒಬ್ಬನೇ ಅಂತ ಹೇಳುವುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಪಕ್ಕದಲ್ಲಿ ಇರದ ಹುಸಿ ಜೀನುಗಳೂ ಬೇಕಾದಷ್ಟಿವೆ. ಜೀನಿನಿಂದ ತೆಗೆದ ಆರ್‌ಎನ್‌ಎ ಪ್ರತಿ ತಿರುಗಿ ಡಿಎನ್‌ಎ ಆಗಿ ಎಲ್ಲೋ ಬೇರೆ ಕ್ರೋಮೋಸೋಮಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಶುರು ಮಾಡಿಸುವ ಸ್ವಿಚ್ಚೇ ಇರುವುದಿಲ್ಲ, ಬಂದ ದಿನದಿಂದಲೇ ಮೂಕ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ ರೈಬೋಸೋಮ್. ಅದರ ಪ್ರೋಟೀನುಗಳಿಗೆ ಜೀನು ಇರುವುದು 80, ಅವುಗಳ ಇಂಥ ಅಂಟಿಕೊಂಡ ಪ್ರತಿಗಳು ಸುಮಾರು 2,000.

ಎರಡು_ಮಕ್ಕಳ_ಅಪ್ಪ

ನನ್ನ ಮಗಳಿಗೂ ಇದೇ ಕಾಯಿಲೆ, ಈಗ ಒಂಬತ್ತು ವರ್ಷ, ಶಾಲೆಯ ಖೋಖೋ ತಂಡದಲ್ಲಿದ್ದಾಳೆ. ಅಕ್ಕ, ಧೈರ್ಯವಾಗಿರಿ. ಜ್ವರ ಬಂದಾಗ, ವಾಂತಿ ಆದಾಗ ಮಾತ್ರೆ ಎಷ್ಟು ಜಾಸ್ತಿ ಮಾಡಬೇಕು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಯಾವಾಗ ಕೊಡಬೇಕು ಅಂತ ಡಾಕ್ಟರ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಫ್ರಿಜ್ ಬಾಗಿಲಿಗೆ, ಒಂದು ಪರ್ಸಿನಲ್ಲಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಹಬ್ಬ, ಪ್ರಯಾಣ, ಯಾರದೋ ಸಾವು, ಏನೇ ಇದ್ದರೂ.

ವರ್ಣತಂತು ಮೇಡಂಗೆ ನನ್ನದೊಂದು ಪ್ರಶ್ನೆ. ಕೆಲಸಕ್ಕೆ ಬರದ, ಮೇಲಾಗಿ ನಮ್ಮ ಮಕ್ಕಳಿಗೆ ಇಷ್ಟು ಕಷ್ಟ ಕೊಡುವ ಈ ಜೀನನ್ನು ದೇಹ ಇನ್ನೂ ಯಾಕೆ ಇಟ್ಟುಕೊಂಡಿದೆ? ಇಷ್ಟು ವರ್ಷದಿಂದ ಮನಸ್ಸಿನಲ್ಲಿ ಇರುವ ಪ್ರಶ್ನೆ ಇದು.

ವರ್ಣತಂತು

ಸರ್, ನಿಮ್ಮ ಮಗಳು ಆಡುತ್ತಿದ್ದಾಳೆ ಅಂತ ಓದಿ ಬಹಳ ಖುಷಿಯಾಯಿತು.

ದೇಹ ಯೋಚಿಸಿ ಇಟ್ಟುಕೊಳ್ಳುವುದೂ ಇಲ್ಲ, ಎಸೆಯುವುದೂ ಇಲ್ಲ. ಡಿಎನ್‌ಎಯಲ್ಲಿ ಗುಡಿಸುವವರು ಯಾರೂ ಇಲ್ಲ. ಆ 30 ಸಾವಿರ ಅಕ್ಷರಗಳ ತುಂಡಿನಲ್ಲಿ ಈ ಜೀನ್ ಒಂದೇ ಅಲ್ಲ, ರೋಗನಿರೋಧಕ್ಕೆ ಬೇಕಾದ ಸಿ4 ಅನ್ನುವ ಜೀನೂ ಇದೆ. ತುಂಡು ಎರಡಾದಾಗ ಎಲ್ಲವೂ ಒಟ್ಟಿಗೆ ಎರಡಾದವು. ಒಂದು ಸಿವೈಪಿ21 ಚೆನ್ನಾಗಿದ್ದರೆ ಸಾಕು, ಇನ್ನೊಂದು ಕೆಟ್ಟರೂ ಆ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಮಕ್ಕಳು ಮೊಮ್ಮಕ್ಕಳಿಗೆ ಹಾಗೇ ಹೋಗುತ್ತದೆ. ಎರಡರಲ್ಲಿ ಯಾವುದು ಕೆಡುತ್ತದೆ ಅನ್ನುವುದೂ ಆಕಸ್ಮಿಕ. ನಮ್ಮಲ್ಲಿ ಮೊದಲನೆಯದು ಕೆಟ್ಟು ಎರಡನೆಯದು ಉಳಿಯಿತು. ಇಲಿಯಲ್ಲಿ ಉಲ್ಟಾ, ಮೊದಲನೆಯದು ದುಡಿಯುತ್ತದೆ, ಎರಡನೆಯದು ಹುಸಿ.

ಇನ್ನೊಂದು ಪ್ರತಿಯೇ ಇಲ್ಲದೆ ಕೆಟ್ಟವೂ ಇವೆ. ಸಿ ವಿಟಮಿನ್ ಮಾಡಿಕೊಳ್ಳುವ ಕೊನೆಯ ಹಂತದ ಜೀನ್ ನಮ್ಮಲ್ಲಿ, ಮಂಗಗಳಲ್ಲಿ ಕೆಟ್ಟಿದೆ. ಮೇಕೆ, ನಾಯಿ ತಮ್ಮ ಮೈಯಲ್ಲೇ ಅದನ್ನು ಮಾಡಿಕೊಳ್ಳುತ್ತವೆ, ನಾವು ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಕು. ಹಣ್ಣು ತಿಂದು ಬದುಕುತ್ತಿದ್ದವರಿಗೆ ಆ ಜೀನ್ ಹೋದದ್ದು ತಿಳಿದಿರಲಿಕ್ಕಿಲ್ಲ.

ಹಾಗಂತ ಎಲ್ಲ ಹುಸಿ ಜೀನೂ ಕಸ ಅಂತ ನಾನು ಹೇಳುವುದಿಲ್ಲ. ಆ ಹೆಸರು 1977ರಲ್ಲಿ ಒಂದು ಆಫ್ರಿಕದ ಕಪ್ಪೆಯ ಡಿಎನ್‌ಎ ಓದುವಾಗ ಬಂದದ್ದು. ಆಗ ಕೆಲಸಕ್ಕೆ ಬಾರದ್ದು ಅಂದುಕೊಂಡದ್ದರಲ್ಲಿ ಕೆಲವಕ್ಕೆ ಕೆಲಸ ಇದೆ ಅಂತ ಆಮೇಲೆ ಗೊತ್ತಾಯಿತು. ಪಿಟೆನ್ ಅಂತ ಒಂದು ಜೀನ್, ಗಡ್ಡೆ ಬೆಳೆಯದಂತೆ ತಡೆಯುವುದು. ಅದರ ಹುಸಿ ಜೀನಿನಿಂದ ಪ್ರೋಟೀನ್ ಬರುವುದಿಲ್ಲ, ಆದರೆ ಆರ್‌ಎನ್‌ಎ ಬರುತ್ತದೆ. ಪಿಟೆನ್ನಿನ ಬಾಯಿ ಮುಚ್ಚಿಸಲು ಬರುವ ಸಣ್ಣ ಆರ್‌ಎನ್‌ಎಗಳು ಇದಕ್ಕೂ ಅಂಟಿಕೊಳ್ಳುತ್ತವೆ, ಅಷ್ಟರಮಟ್ಟಿಗೆ ನಿಜವಾದ ಜೀನ್ ಉಳಿದುಕೊಳ್ಳುತ್ತದೆ. 2010ರಲ್ಲಿ ಇದು ಪ್ರಕಟವಾಯಿತು. ಪ್ರತಿಯೊಂದಕ್ಕೂ ಹೀಗೇ ಒಂದು ಒಳ್ಳೆ ಕೆಲಸ ಇರುತ್ತದೆ ಅಂತ ಹೇಳಿಬಿಡುವುದೂ ತಪ್ಪು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು.

ದೊಡ್ಡಮ್ಮ_ಹಾಸನ

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಡಾಕ್ಟರಿಗೆ ಎಂಎಲ್‌ಪಿಎ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿದೆವು. ಅವರೂ ಅದನ್ನೇ ಹೇಳುವವರಿದ್ದರಂತೆ. ಮೂವರ ರಕ್ತವನ್ನೂ ಬೇರೆ ಲ್ಯಾಬಿಗೆ ಕಳಿಸಿದರು.

ವರ್ಣತಂತು ಅವರೇ, ನೀವು ಹೇಳಿದ ಹಾಗೇ ಬಂದಿದೆ. ತಂಗಿಯ ಗಂಡನಿಗೆ ಒಂದು ಪ್ರತಿಯಲ್ಲಿ ಆ 30 ಸಾವಿರ ಹೋಗಿದೆ. ಮಗುವಿಗೂ ಅದೇ ಬಂದಿದೆ. ತಂಗಿಗೆ ಅಕ್ಷರದ ತಪ್ಪು, ಅವಳ ಎರಡೂ ಪ್ರತಿ ಇವೆ. ಆ ಕಾಗದ ಬಂದ ಸಂಜೆ ಎಲ್ಲರೂ ಹಾಲಿನಲ್ಲಿ ಕೂತಿದ್ದೆವು. ನಾನು ಎರಡು ಉದ್ದ ಪಟ್ಟಿ ಕತ್ತರಿಸಿ, ಮೇಲೆ ಬಣ್ಣದ ಪೆನ್ನಿನಲ್ಲಿ ಎರಡೆರಡು ಮನೆ ಬರೆದು, ಒಂದು ಪಟ್ಟಿಯ ನಡುವಿನ ತುಂಡು ತೆಗೆದು ತುದಿಗಳನ್ನು ಗೋಂದು ಹಾಕಿ ಅಂಟಿಸಿ ತೋರಿಸಿದೆ. ತಂಗಿಯ ಗಂಡ ಆ ಗಿಡ್ಡ ಪಟ್ಟಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ರಾತ್ರಿಯ ಮಾತ್ರೆ ಪುಡಿ ಮಾಡಿ ತಂದರು, ಅವತ್ತಿನವರೆಗೂ ಅದು ತಂಗಿಯದೇ ಕೆಲಸವಾಗಿತ್ತು.

ಅತ್ತೆ ಕ್ಷಮಿಸು ಅಂತ ಬಾಯಿಬಿಟ್ಟು ಹೇಳಲಿಲ್ಲ. ತಂಗಿಯ ತಟ್ಟೆಗೆ ಅವರೇ ಬಡಿಸಿ ಪಕ್ಕದಲ್ಲಿ ಕೂತರು. ಮಾರನೇ ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಒಂದು ಪ್ರಶ್ನೆ ಕೇಳಿದರು, ಅದನ್ನೇ ನಿಮಗೆ ಕೇಳುತ್ತಿದ್ದೇನೆ. ಅವರ ಮಗಳನ್ನು ಅವರ ಸ್ವಂತ ತಮ್ಮನಿಗೇ ಕೊಡುವ ಮಾತು ಎರಡು ವರ್ಷದಿಂದ ಇದೆ. ಮಗನಲ್ಲಿರುವ ಆ ತುಂಡಾದ ಪ್ರತಿ ನನ್ನಿಂದ ಬಂದಿದ್ದರೆ ನನ್ನ ತಮ್ಮನಿಗೂ ಇರಬಹುದಲ್ವಾ, ಮಗಳಿಗೂ ಇರಬಹುದಲ್ವಾ ಅಂದರು. ಆ ಕಾಗದದ ಪಟ್ಟಿಯಿಂದ ಅವರೇ ಅಷ್ಟು ಲೆಕ್ಕ ಹಾಕಿದ್ದಾರೆ.

ವರ್ಣತಂತು

ಅಮ್ಮ ಸರಿಯಾಗಿ ಲೆಕ್ಕ ಹಾಕಿದ್ದಾರೆ ಅಂತ ನನ್ನ ಪರವಾಗಿ ಹೇಳಿ. ಅವರಲ್ಲಿ ಅಥವಾ ಅವರ ಯಜಮಾನರಲ್ಲಿ ಒಬ್ಬರಿಗೆ ಅದು ಇರಬೇಕು, ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ಅವಳ ಆರೋಗ್ಯಕ್ಕೆ ಏನೂ ಆಗುವುದಿಲ್ಲ, ನಿಮ್ಮ ತಂಗಿಯ ಗಂಡ ಚೆನ್ನಾಗಿರುವ ಹಾಗೇ. ಗಂಡು ಹೆಣ್ಣು ಇಬ್ಬರಲ್ಲೂ ಇದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಿಮ್ಮ ತಂಗಿಯ ಮುಂದಿನ ಬಸಿರಿಗೂ ಇದೇ ಲೆಕ್ಕ, ಅದನ್ನು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಳ್ಳಲಿ.

ಮಾತು ಮುಂದುವರಿಯುವ ಮೊದಲು ಮಗಳಿಗೂ ಅವರ ತಮ್ಮನಿಗೂ ಟೆಸ್ಟ್ ಮಾಡಿಸಿ. ಬರೀ ಅಕ್ಷರ ಓದುವ ಟೆಸ್ಟ್ ಸಾಲದು, ಪ್ರತಿ ಎಣಿಸುವುದೂ ಆಗಬೇಕು. ಹೋಗುವಾಗ ಮಗುವಿನ ಅಪ್ಪನ ರಿಪೋರ್ಟಿನ ಜೆರಾಕ್ಸ್ ಜೊತೆಗೆ ಕೊಡಿ, ಏನು ಹುಡುಕಬೇಕು ಅಂತ ಅವರಿಗೆ ಮೊದಲೇ ಗೊತ್ತಿರಲಿ.